ಕೈಗೆ ಹಿತವಾದ ಬಿಸಿ

ದವಾಖಾನೆಯ ಹಿತ್ತಲಲ್ಲಿ, ಸಿಮೆಂಟಿನ ತೊಟ್ಟಿಯ ಪಕ್ಕದ ಹಾಸುಗಲ್ಲಿನ ಮೇಲೆ ಕೂತು ಗುರುಲಿಂಗವ್ವ ತನ್ನ ಅತ್ತಿಗೆಯ ಅರಿವೆಗಳನ್ನು ತೊಳೆಯುತ್ತಿದ್ದಳು. ತೊಳೆ ಎಂದು ಯಾರೂ ಹೇಳಿರಲಿಲ್ಲ. ಮುಂಜಾನೆ ಕೂಸು ಹುಟ್ಟಿದಾಗಿನಿಂದ ಹೆರಿಗೆ ಕೋಣೆಯ ಬಾಗಿಲು ಆಗಾಗ ಒಂದು ಗೇಣು ತೆರೆಯುತ್ತಿತ್ತು, ಒಂದು ಅರಿವೆ ಮುದ್ದೆಯಾಗಿ ಹೊರಗೆ ಬೀಳುತ್ತಿತ್ತು, ಮತ್ತೆ ಬಾಗಿಲು ಮುಚ್ಚುತ್ತಿತ್ತು. ಬಿದ್ದದ್ದನ್ನು ನೋಡುತ್ತ ನಿಲ್ಲುವುದಕ್ಕಿಂತ ಎತ್ತಿಕೊಂಡು ಇಲ್ಲಿಗೆ ಬರುವುದು ಅವಳಿಗೆ ಸುಲಭವೆನಿಸಿತ್ತು. ತಂಬಿಗೆಯಿಂದ ನೀರು ಸುರಿದು ಹಿಂಡಿದಳು. ಕೆಂಪು ಹರಿಯಿತು. ಮತ್ತೆ ಸುರಿದು ಹಿಂಡಿದಳು. ಮನೆಯಲ್ಲಿ ಬಣ್ಣ ಹಾಕುವ ಕೊಟ್ಟಿಗೆಯಲ್ಲಾದರೆ, ಕೆಂಪು ಕುಡಿದ ರೇಷ್ಮೆಯ ಲಡಿ ಮೊದಲ ನೀರಿಗೆ ಹೆಚ್ಚು ಬಣ್ಣ ಬಿಡುತ್ತದೆ, ಎರಡನೆಯದಕ್ಕೆ ಕಡಿಮೆ. ಮೂರನೆಯ ನೀರು ತಿಳಿಯಾದರೆ ಬಣ್ಣ ಕೂತಿತೆಂದು ಅರ್ಥ. ಇಲ್ಲಿ ಎಷ್ಟನೆಯ ನೀರೂ ಮೊದಲಿನ ಹಾಗೆಯೇ ಇತ್ತು. ಅದು ತನ್ನ ಕೆಲಸದ ತಪ್ಪೇ ಎನ್ನುವಂತೆ ಇನ್ನಷ್ಟು ಬಲ ಹಾಕಿ ಹಿಂಡಿದಳು. ನಿನ್ನೆ ಮಧ್ಯಾಹ್ನ ಅತ್ತಿಗೆ ಸಾವಂತ್ರವ್ವ ಕೊಟ್ಟಿಗೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಿದ್ದಳು. "ಗುರಲಿಂಗೀ, ನಡುವಿನ್ಯಾಗ ಏನೋ ಹಿಡದಂಗ ಆಗಾಕತ್ತೈತಿ." ಒಲೆಯ ಮೇಲೆ ಹಂಡೆ, ಹಂಡೆಯೊಳಗೆ ಸೆರಗಿನ ಕೆಂಪು. ಹೊತ್ತು ಮೀರಿದರೆ ರೇಷ್ಮೆ ಒಂದು ಕಡೆ ಗಾಢ, ಒಂದು ಕಡೆ ಬಿಳುಪು ಆಗುತ್ತದೆ. "ಈ ಲಡಿ ಎತ್ತಿ ಬಂದೆ ಯಕ್ಕಾ" ಎಂದಿದ್ದಳು. "ಎತ್ತು, ಎತ್ತು, ಅವಸರೇನಿಲ್ಲ" ಎಂದು ಅತ್ತಿಗೆ ನಕ್ಕಿದ್ದಳು. ನಕ್ಕವಳು ಚೌಕಟ್ಟನ್ನು ಬಿಟ್ಟಿರಲಿಲ್ಲ. ಲಡಿ ಎತ್ತಿ, ಕೋಲಿಗೆ ಹಾಕಿ, ನೀರು ಇಳಿಸಿ, ಗಾಳಿಗೆ ಹರವಿ, ಆಮೇಲೆ ಅವಳು ತಿರುಗಿ ನೋಡಿದ್ದಳು. ಅಷ್ಟು ಹೊತ್ತು ಎಷ್ಟು ಹೊತ್ತು? ಅದನ್ನು ಯಾರೂ ಕೇಳಿರಲಿಲ್ಲ. ಅವಳು ಇನ್ನೊಂದು ತಂಬಿಗೆ ನೀರು ಸುರಿದಳು.

"ಏ ಗುರಲಿಂಗೀ!" ಪಡಸಾಲೆಯ ಬಾಗಿಲಲ್ಲಿ ತಾಯಿ ನಿಂತಿದ್ದಳು. ಎದೆಗೆ ಅವಚಿಕೊಂಡ ಹಳೆಯ ಸೀರೆಯ ಗಂಟಿನಲ್ಲಿ ಕೂಸು ಇತ್ತು. ಹೆಣ್ಣು, ಮೈ ಕೈ ಗಟ್ಟಿಯಾಗಿದ್ದ ಕೂಸು. "ಅದೇನ ತಿಕ್ಕಾಕತ್ತಿ ಮುಂಜಾನಿಂದ? ಒಳಗ ಬಾ. ನಿಮ್ಮಣ್ಣ ಒಂದ ಮಾತ ಆಡವಲ್ಲ, ನೀ ಹೊರಗ ಕುಂತ ಬಿಟ್ಟಿ. ನಾ ಒಬ್ಬಾಕಿ ಯಾರ ಮಾರಿ ನೋಡ್ಲಿ?" ಗುರುಲಿಂಗವ್ವ ಕೈ ಒರೆಸಿಕೊಂಡು ಒಳಗೆ ಹೋದಳು. ಪಡಸಾಲೆಯಲ್ಲಿ ಉದ್ದನೆಯ ಮರದ ಬಾಕಿನ ಮೇಲೆ ನಾಲ್ಕಾರು ಜನ, ನೆಲದ ಮೇಲೆ ಇನ್ನಷ್ಟು ಜನ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಅಣ್ಣ ರಾಚಪ್ಪ ಗೋಡೆಗೆ ಆನಿಕೊಂಡು ಕೂತಿದ್ದ. ಅವನ ಮೊಣಕೈಯ ಒಳಗೆ ಹತ್ತಿಯ ತುಣುಕು ಇನ್ನೂ ಅಂಟಿಕೊಂಡಿತ್ತು. ಅವನ ರಕ್ತ ಹೋಗಿತ್ತು, ಓಣಿಯ ಇಬ್ಬರು ಮಗ್ಗದವರ ರಕ್ತ ಹೋಗಿತ್ತು, ಎಲ್ಲ ಅತ್ತಿಗೆಯ ಮೈಯೊಳಗೆ ಇಳಿದು ಎಲ್ಲ ಅರಿವೆಗಳಿಗೆ ಬಂದಿತ್ತು. ಗುರುಲಿಂಗವ್ವನೂ ತೋಳು ಚಾಚಿದ್ದಳು. ನರ್ಸು ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, "ನಿನ್ನ ಮೈಯಾಗ ನಿನಗಾಗೂವಷ್ಟ ಇಲ್ಲ, ಹೋಗವ್ವಾ" ಎಂದು ಎಲ್ಲರ ಮುಂದೆ ಅಂದಿದ್ದಳು. ಬಾಕಿನ ಮೇಲಿದ್ದವರು ನಕ್ಕಿದ್ದರು. ಕೆಟ್ಟ ನಗುವೇನಲ್ಲ. ಆದರೂ ಈಗ ಪಡಸಾಲೆಗೆ ಬಂದವಳೇ ಅವಳು ಮತ್ತೆ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಬಾಕಿನ ತುದಿಯಲ್ಲಿ ಸಂಗಯ್ಯನಿದ್ದ. ಹುನಗುಂದದಲ್ಲಿ ಜನರಿಗೆ ಅರ್ಜಿ ಬರೆದುಕೊಡುವವನು. ಜ್ವರ ಬಂದ ತಾಯಿಯನ್ನು ದವಾಖಾನೆಗೆ ಸೇರಿಸಲು ಇಳಕಲ್ಲಿಗೆ ಬಂದಿದ್ದ. ಬೆಳಗಿನಿಂದ ಒಳಗೆ ಹೊರಗೆ ಆದದ್ದನ್ನೆಲ್ಲ ಬಾಕಿನ ಮೇಲಿದ್ದವರಿಗೆ ಬಿಡಿಸಿ ಹೇಳುವ ಕೆಲಸ ತಾನಾಗಿ ಅವನ ಮೇಲೆ ಬಿದ್ದಿತ್ತು. ಬೆಳ್ಳಗಿನ ಮೆತ್ತನೆಯ ಕೈಗಳು. ಮಾತಾಡುವಾಗ ಅವು ಗಾಳಿಯಲ್ಲಿ ಏನೋ ಬರೆಯುತ್ತಿದ್ದವು. "ರಾಚಪ್ಪಾ, ಧೈರ್ಯ ಬಿಡಬ್ಯಾಡ. ನನ್ನ ತಂಗಿಗೂ ಹಿಂಗ ಆಗಿತ್ತು, ಬರೇ ಹಾಲು ಬೆಲ್ಲ ಕುಡಿಸಿ ಎಬ್ಬಿಸಿದ್ವಿ" ಎನ್ನುತ್ತಿದ್ದ. ರಾಚಪ್ಪ ಅವನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ವಯಸ್ಸು ಅಣ್ಣನಷ್ಟೇ ಇರಬಹುದು. ಅವರ ಕೈಯಲ್ಲೊಂದು ಸಣ್ಣ ಗಾಜಿನ ನಳಿಗೆ ಇತ್ತು. ಅದರ ತಳದಲ್ಲಿ ಅತ್ತಿಗೆಯ ರಕ್ತ. ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಯನ್ನು ಓರೆ ಮಾಡಿದರು. ರಕ್ತ ನೀರಿನ ಹಾಗೆ ಆ ಕಡೆಗೆ ಹೋಯಿತು, ಈ ಕಡೆಗೆ ಬಂತು. "ನೋಡ್ರಿ ರಾಚಪ್ಪನವರ, ಇಷ್ಟೊತ್ತಿಗೆ ಇದು ಹೆಪ್ಪಾಗಿ ತಳಕ್ಕ ಹಿಡೀಬೇಕಾಗಿತ್ತು. ಆಗಿಲ್ಲ. ಹೆಪ್ಪ ಹಿಡಿಯೋ ಶಕ್ತಿ ಹರದ ಹೋಗೇತಿ. ಇನ್ನ ಕೆಂಪ ರಕ್ತ ಎಷ್ಟ ಹಾಕಿದ್ರೂ ಸೋರತೈತಿ. ಬಾಗಲಕೋಟಿಗೆ ಫೋನ್ ಮಾಡೇನಿ. ಪ್ಲಾಸ್ಮಾ ಅಂತ ಬರತೈತಿ. ಅದು ಬಂತಂದ್ರ ಆಸೆ ಐತಿ." ಅಣ್ಣ ಎದ್ದು ನಿಂತು ಕೈ ಮುಗಿದ. ಡಾಕ್ಟರು ಒಳಗೆ ಹೋದ ಮೇಲೂ ಗುರುಲಿಂಗವ್ವನ ಕಣ್ಣಿನಲ್ಲಿ ಆ ನಳಿಗೆ ಓರೆಯಾಗುತ್ತಲೇ ಇತ್ತು. ತೊಳೆದ ಅರಿವೆಗಳಲ್ಲಿ ತಾನೂ ಅದನ್ನೇ ಕಂಡಿದ್ದೆನಲ್ಲ ಎನಿಸಿತು. ಬೆರಳಿಗೆ ಗಟ್ಟಿಯಾದದ್ದೇನೂ ಸಿಕ್ಕಿರಲಿಲ್ಲ. ಸಿಗಬೇಕಿತ್ತು ಎಂದು ಅವಳಿಗೆ ಗೊತ್ತಿರಲಿಲ್ಲ.

ಖಾಸಿಂಸಾಬ ಬಂದಾಗ ಬಿಸಿಲು ಪಡಸಾಲೆಯ ಮೆಟ್ಟಿಲು ದಾಟಿತ್ತು. ಕಲ್ಲಿನ ಖಣಿಯ ಜೀಪು ಓಡಿಸುವವನು, ಅಣ್ಣನ ಗೆಳೆಯ, ಬಾಗಲಕೋಟೆಗೆ ಹೋಗಿದ್ದವನು ಅವನೇ. ಮೈಯೆಲ್ಲ ದೂಳು, ಹುಬ್ಬಿನ ಮೇಲೂ ದೂಳು. ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಿದ್ದ ದೊಡ್ಡ ಬಾಯಿಯ ಥರ್ಮಾಸನ್ನು ಬಾಕಿನ ಮೇಲೆ ಇಟ್ಟ. "ತಗೋ ರಾಚ್ಯಾ, ಬಾಗಲಕೋಟಿ ಕುಲ್ಫಿ. ದಾರಿಯಾಗ ಎಲ್ಲೂ ಬ್ರೇಕ ತುಳದಿಲ್ಲ ಲೇ, ಅಮೀನಗಡದಾಗ ಒಂದ ಕೋಣ ಅಡ್ಡ ಬಂತು, ಅದಕ್ಕೂ ಸಲಾಂ ಹೊಡದ ಬಂದೇನಿ." ಯಾರೋ ನಕ್ಕರು. ಅಣ್ಣನ ತುಟಿಯೂ ಒಂದು ಎಳೆಯಷ್ಟು ಅಲುಗಿತು. ಬೆಳಗಿನಿಂದ ಮೊದಲ ಸಲ. ನರ್ಸು ಇಂದ್ರಾಬಾಯಿ ಬಂದು ಮುಚ್ಚಳ ತಿರುಗಿಸಿದಳು. ಐಸಿನ ಚೂರುಗಳ ನಡುವೆ ಎರಡು ಪ್ಲಾಸ್ಟಿಕ್ ಚೀಲಗಳು, ಹಲಗೆಯ ಹಾಗೆ ಗಟ್ಟಿ, ಒಳಗಿನದ್ದು ಹಳದಿ. "ಇದೇನ್ರಿ ಬಾಯಾರ, ಹಳದಿ ನೀರ?" ಅಣ್ಣನ ಧ್ವನಿ ಒಡೆಯಿತು. "ರಕ್ತ ತರಾಕ ಕಳಿಸಿದ್ದು ಅಲ್ರೀ." ಸಂಗಯ್ಯ ಬಗ್ಗಿ ನೋಡಿ, "ಗೋಮೂತ್ರದಂಗ ಐತಲ್ಲೋ" ಎಂದ. ಇಂದ್ರಾಬಾಯಿ ತಲೆ ಎತ್ತಲಿಲ್ಲ. "ರಕ್ತದಾಗಿಂದ ಕೆಂಪು ತಗದ್ರ ಉಳಿಯೋದು ಇದ. ಹೆಪ್ಪ ಹಿಡಿಯೋದು ಇದರಾಗ ಇರತೈತಿ. ಅಂಟು ಇದ್ದಂಗ ತಿಳಕೋರಿ. ಎಂಟು ಹತ್ತು ಮಂದಿ ರಕ್ತಕ್ಕಿಂತ ಈಗ ಇದ ದೊಡ್ಡದು ಆಕಿಗೆ." ಆಮೇಲೆ ಸುತ್ತ ನೋಡಿದಳು. ಆಯಾ ಊಟಕ್ಕೆ ಹೋದವಳು ಬಂದಿರಲಿಲ್ಲ. ಇಂದ್ರಾಬಾಯಿಯ ಕಣ್ಣು ಒಬ್ಬೊಬ್ಬರ ಮೇಲೆ ಹೋಗಿ ಗುರುಲಿಂಗವ್ವನ ಮೇಲೆ ನಿಂತಿತು. "ನೀ ಬಾ. ನೀ ಹೇಳಿದ್ದ ಕೇಳತಿ, ಮಾತ ಕಡಿಮಿ. ಸ್ಟೋ ಹಚ್ಚಿ ಬಕೀಟಿನ್ಯಾಗ ನೀರ ಕಾಸು. ಒಂದ ಚೀಲ ಅದರಾಗ ಮುಳುಗಿಸಿ ಕರಗಸು. ಒಂದ ಆದ ಮ್ಯಾಲ ಇನ್ನೊಂದು. ಕೈಗೆ ಹಿತ ಅನ್ನೂವಷ್ಟ ಬಿಸಿ ಇರಬೇಕು, ಅದಕ್ಕೂ ಹೆಚ್ಚಿಲ್ಲ. ಥರ್ಮಾಮೀಟರ ಮೊನ್ನೆ ಒಡದ ಹೋಗೇತಿ, ಕೈಲೇ ನೋಡು. ತಿಳೀತಿಲ್ಲೋ?" ಗುರುಲಿಂಗವ್ವ ತಲೆ ಆಡಿಸಿದಳು. "ಈಕಿಗೆ ಬಿಸಿ ಹದ ಹೇಳಿ ಕೊಡಬೇಕೇನ್ರಿ" ಎಂದಳು ತಾಯಿ ಹಿಂದಿನಿಂದ. "ಇಡೀ ಇಳಕಲ್ಲಿನ್ಯಾಗ ಈಕಿ ಕೈಯಂಥಾ ಕೈ ಇಲ್ಲ." ಇಂದ್ರಾಬಾಯಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಓಡಿ ಒಳಗೆ ಹೋಗಿಬಿಟ್ಟಳು.

ಕಷಾಯ ಔಷಧ ಕಾಸುವ ಸಣ್ಣ ಕೋಣೆಯಲ್ಲಿ ಅವಳೊಬ್ಬಳೇ. ಸ್ಟೋವಿಗೆ ಗಾಳಿ ಹಾಕಿದಳು, ನೀಲಿ ಉರಿ ಎದ್ದಿತು. ಬಕೆಟ್ಟು ಇಟ್ಟಳು. ತಾಯಿ ಎಲ್ಲರೆದುರು ಆಡಿದ ಮಾತು ಮೈ ಮೇಲೆ ಹೊಸ ಅರಿವೆಯ ಹಾಗೆ ಇತ್ತು. ಅಂಥ ಹೊತ್ತಿನಲ್ಲಿ ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅಪ್ಪ ಇದ್ದಾಗ, ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿ ಅವಳನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ. ಮೊದಲ ದಿನ ಹಂಡೆಯಲ್ಲಿ ಕೈ ಇಟ್ಟು ಕೂಗಿಕೊಂಡಿದ್ದಳು. "ಕೂಗಬ್ಯಾಡ, ನೀರಿಗೆ ಅಂಜಿದ್ರ ನೀರ ಸುಡತೈತಿ" ಎಂದು ಅಪ್ಪ ಅವಳ ಮುಂಗೈ ಹಿಡಿದು ಮತ್ತೆ ಅದ್ದಿದ್ದ. ಬೊಬ್ಬೆ ಎದ್ದವು, ಒಡೆದವು, ಹೊಸ ಚರ್ಮ ಬಂತು, ಅದೂ ಎದ್ದು ಹೋಯಿತು. ಒಂದು ದಿನ ನೀರು ಸುಡುವುದನ್ನು ನಿಲ್ಲಿಸಿತು. ಅಂದು ಅಪ್ಪ ಅವಳಿಗೆ ಜಿಲೇಬಿ ತಂದುಕೊಟ್ಟಿದ್ದ. ಆಮೇಲೆ ಯಾವ ಹಂಡೆಗೆ ಯಾವ ಹದ ಎಂದು ಅಪ್ಪನೂ ಅವಳನ್ನೇ ಕೇಳುತ್ತಿದ್ದ. ಅದೊಂದೇ ವಿಷಯಕ್ಕೆ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು. ಉಳಿದಂತೆ ಆ ಕೈಗಳನ್ನು ಮುಚ್ಚಿಕೊಂಡೇ ಇರಬೇಕಾಗಿತ್ತು. ಬಾದಾಮಿಯ ಕಡೆಯಿಂದ ನೋಡಲು ಬಂದ ಹೆಂಗಸು ಚಹದ ಬಟ್ಟಲು ತೆಗೆದುಕೊಳ್ಳುವಾಗ ಕೆಂಪು ಬಣ್ಣ ಕೂತ ಅವಳ ಬೆರಳನ್ನು ಹಿಡಿದು ಉಗುರಿನಿಂದ ಕೆರೆದು ನೋಡಿದ್ದಳು, ಪಾತ್ರೆಯ ಕಲಾಯಿ ನೋಡುವ ಹಾಗೆ. "ಇದು ಹೋಗತೈತೇನ್ರಿ?" ಮುಂದಿನ ಸಲ ಬೇರೆಯವರು ಬಂದಾಗ ಅತ್ತಿಗೆ ಹಿಂದಿನ ದಿನವೇ ಮದರಂಗಿ ಅರೆದು ಅವಳ ಎರಡೂ ಕೈಗೆ ಮೊಣಕೈಯವರೆಗೆ ಬಳಿದಿದ್ದಳು. "ಈಗ ಕೆರೀಲಿ ನೋಡೂಣು, ಯಾವ ಬಣ್ಣ ಯಾರದಂತ ಅವರವ್ವಗೂ ತಿಳಿಬಾರದು." ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದರು. ಅತ್ತಿಗೆಯ ಬೆರಳುಗಳು ಅವಳ ಅಂಗೈ ಮೇಲೆ ಮದರಂಗಿ ಹಚ್ಚುವಾಗ ಮೆತ್ತಗಿದ್ದವೆಂದು ಕಣ್ಣಿಗೆ ಗೊತ್ತಾಗುತ್ತಿತ್ತು, ಅಂಗೈಗೆ ಗೊತ್ತಾಗುತ್ತಿರಲಿಲ್ಲ.

ಅವಳು ನೀರಿನಲ್ಲಿ ಕೈ ಇಟ್ಟಳು. ತಣ್ಣಗಿತ್ತು. ಕಾಯ್ದಳು. ಮತ್ತೆ ಇಟ್ಟಳು. ಈಗ ಹಿತವಾಗಿತ್ತು, ರೇಷ್ಮೆಯನ್ನು ಮೊದಲು ನೆನೆಸುವ ನೀರಿನ ಹದ, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಚೀಲವನ್ನು ಇಳಿಬಿಟ್ಟಳು. ಐಸಿನ ತಂಪಿಗೆ ನೀರು ಇಳಿದುಹೋಗುತ್ತದೆಂದು ಉರಿಯನ್ನು ಪೂರ್ತಿ ಆರಿಸದೆ ಸಣ್ಣಗೆ ಇಟ್ಟಳು. ಇದೂ ಕೊಟ್ಟಿಗೆಯ ಅಭ್ಯಾಸವೇ. ಆಗಾಗ ಕೈ ಅದ್ದಿ ಹಿತವನ್ನು ಕೇಳಿದಳು. ಹಿತವಾಗಿಯೇ ಇತ್ತು. ಚೀಲದ ಅಂಚು ಸಡಿಲಾಯಿತು, ನಡುವಿನ ಗಟ್ಟಿ ತೇಲತೊಡಗಿತು, ಹಳದಿ ತಿಳಿಯಾಗಿ ಹೊಳೆಯಿತು. ಬಣ್ಣ ಮುಟ್ಟದ ರೇಷ್ಮೆಯೇ ಹೀಗೆ ಇರುತ್ತದೆ, ಅದನ್ನು ಯಾರೂ ಉಡುವುದಿಲ್ಲ ಎಂದು ಏನೇನೋ ಯೋಚಿಸಿದಳು. ಹತ್ತು ಮಂದಿಯ ರಕ್ತಕ್ಕಿಂತ ದೊಡ್ಡದು ತನ್ನ ಕೈಯಲ್ಲಿದೆ. ನಿನ್ನೆ ಬಾಗಿಲಲ್ಲಿ ಕಾಯಿಸಿದ ಹೊತ್ತನ್ನು ಇವತ್ತು ಈ ಬಕೆಟ್ಟಿನ ಮುಂದೆ ಕೂತು ತಿರುಗಿ ಕೊಡುತ್ತಿದ್ದೇನೆ ಎನಿಸಿತು. ಎದ್ದ ಮೇಲೆ ಅತ್ತಿಗೆಗೆ ಇದನ್ನು ಹೇಳಬೇಕು. ಹೇಳುವುದೇನು, ತಾಯಿಯೇ ಹೇಳುತ್ತಾಳೆ. ಆಗ ಹಳದಿಯೊಳಗೆ ಒಂದು ಮಂಜು ಹುಟ್ಟಿತು. ಮೊದಲು ತಳದಲ್ಲಿ, ಆಮೇಲೆ ಎಲ್ಲ ಕಡೆ. ತಿಳಿಯಾದದ್ದು ಬೆಳ್ಳಗಾಯಿತು, ದಪ್ಪಗಾಯಿತು. ಅವಳಿಗೆ ಸಂತೋಷವೇ ಆಯಿತು. ಮಗ್ಗದ ಹಾಸಿನ ಎಳೆಗೆ ಹಾಕುವ ಗಂಜಿ ಹದಕ್ಕೆ ಬಂದಾಗ ಹೀಗೆಯೇ. ನೀರಾಗಿದ್ದದ್ದು ಬೆಳ್ಳಗೆ ತಿರುಗಿ ಚಮಚಕ್ಕೆ ಹಿಡಿಯುತ್ತದೆ, ಆಗಲೇ ಅದಕ್ಕೆ ಎಳೆಯನ್ನು ಗಟ್ಟಿ ಮಾಡುವ ಶಕ್ತಿ ಬರುತ್ತದೆ. ಅಂಟು ಇದ್ದಂಗ ತಿಳಕೋರಿ ಎಂದಿದ್ದರಲ್ಲ ಇಂದ್ರಾಬಾಯಿ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಳು, ಚೆನ್ನಾಗಿ ಕೂಡಿಕೊಳ್ಳಲಿ ಎಂದು.

ಬಕೆಟ್ಟಿನ ಸಮೇತ ಚೀಲವನ್ನು ಒಯ್ದಳು, ಹೊರಗೆ ತೆಗೆದರೆ ತಣ್ಣಗಾದೀತು ಎಂದು. ಹೆರಿಗೆ ಕೋಣೆಯ ಬಾಗಿಲನ್ನು ಕಾಲಿನಿಂದ ನೂಕಿದಳು. ಬೆಳಗಿನಿಂದ ಆ ಕೋಣೆಯ ಒಳಗನ್ನು ಅವಳು ನೋಡಿರಲಿಲ್ಲ. ಅತ್ತಿಗೆಯ ಮುಖ ನೆನೆದ ಸುಣ್ಣದ ಬಣ್ಣದ್ದಾಗಿತ್ತು, ತುಟಿ ಯಾವುದು ಗಲ್ಲ ಯಾವುದು ತಿಳಿಯುತ್ತಿರಲಿಲ್ಲ. ಕಣ್ಣುಗಳು ಮಾತ್ರ ತೆರೆದು ಮೇಲಿನ ಸೂರಿನಲ್ಲಿ ಏನನ್ನೋ ಹುಡುಕುತ್ತಿದ್ದವು. ಡಾಕ್ಟರು ಎರಡೂ ಕೈಯಿಂದ ಹೊಟ್ಟೆಯ ಕೆಳಗೆ ಒತ್ತಿ ಹಿಡಿದಿದ್ದರು. "ತಾ, ತಾ, ಲಗೂ" ಎಂದಳು ಇಂದ್ರಾಬಾಯಿ. ಚೀಲದ ಕಿವಿ ಹಿಡಿದು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೆಯೇ ನಿಂತಳು. ಗುರುಲಿಂಗವ್ವನೂ ನೋಡಿದಳು. ಬೆಳಕಿನಲ್ಲಿ ಅದು ಗಂಜಿಯ ಹಾಗಿರಲಿಲ್ಲ. ಗಿಣ್ಣದ ಹಾಗೆ ಗಡ್ಡೆ ಗಡ್ಡೆಯಾಗಿ, ಗಡ್ಡೆಗಳ ನಡುವೆ ನೀರು ಬೇರೆ ನಿಂತಿತ್ತು. "ಡಾಕ್ಟರ್" ಎಂದಳು ಇಂದ್ರಾಬಾಯಿ, ಬಹಳ ಮೆಲ್ಲಗೆ. ಡಾಕ್ಟರು ತಲೆ ಎತ್ತಿದರು. "ಬೆಂದೈತಿ" ಎಂದರು. "ತತ್ತಿ ಬೆಂದಂಗ ಬೆಂದೈತಿ ಇದು. ನೀರು ಎಷ್ಟು ಬಿಸಿ ಇತ್ತು?" ಇಂದ್ರಾಬಾಯಿ ಬಗ್ಗಿ ಬಕೆಟ್ಟಿನಲ್ಲಿ ಬೆರಳು ಇಟ್ಟವಳೇ "ಅಯ್ಯಯ್ಯೋ!" ಎಂದು ಕೂಗಿ ಬೆರಳನ್ನು ಬಾಯಿಗೆ ಹಾಕಿಕೊಂಡಳು. "ಹಿಂಗ ಕುದಿಸಿಯೇನ? ಕೈಗೆ ಹಿತ ಇರ್ಲಿ ಅಂದಿದ್ದಿಲ್ಲೇನ ನಾನು?" ಗುರುಲಿಂಗವ್ವನಿಗೆ ಮಾತು ಅರ್ಥವಾಗಲಿಲ್ಲ. ಅವಳು ಬಗ್ಗಿ ತನ್ನ ಕೈಯನ್ನು ಅದೇ ನೀರಿನಲ್ಲಿ ಇಟ್ಟಳು. ಇಟ್ಟು ಹಾಗೆಯೇ ಹಿಡಿದಳು. ಹಿತವಾಗಿತ್ತು. ಈಗಲೂ ಹಿತವಾಗಿತ್ತು. ಎದುರಿಗೆ ಇಂದ್ರಾಬಾಯಿಯ ಬೆರಳ ತುದಿ ಕೆಂಪಗೆ ಏಳುತ್ತಿತ್ತು, ಕೆಳಗೆ ಅದೇ ನೀರಿನಲ್ಲಿ ತನ್ನ ಕೈ ತಣ್ಣಗೆ ಕೂತಿತ್ತು. ಕೈ ಸುಳ್ಳು ಹೇಳುತ್ತಿತ್ತೆನ್ನಲೂ ಬರುವಂತಿರಲಿಲ್ಲ, ಅದಕ್ಕೆ ಗೊತ್ತಿದ್ದದ್ದನ್ನೇ ಅದು ಹೇಳುತ್ತಿತ್ತು. ಇಷ್ಟು ವರ್ಷ ಮುಟ್ಟಿದ್ದನ್ನೆಲ್ಲ, ಅಪ್ಪನ ಕೊನೆಯ ಜ್ವರ, ಅತ್ತಿಗೆಯ ಬೆರಳು, ಯಾವುದನ್ನು ತಾನು ಮುಟ್ಟಿದ್ದೆ? ಜ್ವರ ಇಳಿದೈತಿ ಎಂದು ಅಪ್ಪನ ಹಣೆ ಮುಟ್ಟಿ ಹೇಳಿದವಳು ತಾನೇ ಅಲ್ಲವೆ?

ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೂಗು ಕೇಳಿ ಬಂದಿದ್ದ. ಅವನ ಹಿಂದೆ ಪಡಸಾಲೆಯ ಮುಖಗಳು. "ಏನಾತ್ರಿ?" ಎಂದ. ಚೀಲ ಅವನಿಗೂ ಕಂಡಿತು. "ಕುದಿಸಿದಿ?" ಎಂದ ತಂಗಿಗೆ. "ಖಾಸಿಂ ಜೀವ ಒತ್ತೆ ಇಟ್ಟು ತಂದಾನ, ನೀ ಕುದಿಸಿದಿ? ಏನಂತ ತಿಳಕೊಂಡಿದ್ದಿ, ಲಡಿ ಅಂತೇನ? ಆಕಿ ನಿನಗ ಏನ ಕಡಿಮಿ ಮಾಡಿದ್ಲಲೇ..." ಅವನ ಕೈ ಮೇಲೆ ಎದ್ದಿತು. ಎದ್ದ ಕೈ ಅವನ ಕಣ್ಣ ಮುಂದೆಯೇ ಬಂತು. ಅದರ ಉಗುರಿನ ಬುಡದಲ್ಲೂ ಹಂಡೆಯ ಅದೇ ಕೆಂಪು, ಅಂಗೈಯಲ್ಲಿ ಅದೇ ಹೊಳೆಯುವ ದಪ್ಪ ಚರ್ಮ. ಅವನು ಅದನ್ನು ನೋಡಿದ, ಅವಳದನ್ನು ನೋಡಿದ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಅಲ್ಲಿಯೇ ಕುಸಿದು ಕೂತುಬಿಟ್ಟ. ಪಡಸಾಲೆಯಲ್ಲಿ ಸಂಗಯ್ಯನ ಧ್ವನಿ ಕೇಳಿಸಿತು: "ಅಣ್ಣನ ಹೇಣ್ತಿಗೆ ಹಾಕೂ ಔಷಧಾನ ಈಕಿ ಬೇಯಿಸಿ ಇಟ್ಟಾಳಂತರಿ. ಇಂಥಾ ಕೆಲಸ ಇಂಥವರ ಕೈಯಾಗ ಕೊಡ್ತಾರೇನ್ರಿ ಯಾರಾರ?" ತಾಯಿ "ಮೂಳೀ, ಏನ ಮಾಡಿದ್ಯೇ" ಎಂದು ಒಂದೇ ಸಲ ಅಂದಳು, ಆಮೇಲೆ ಕೂಸಿನ ಗಂಟಿನೊಳಗೆ ಮುಖ ಇಟ್ಟಳು.

"ಖಾಸಿಂಸಾಬನ್ನ ಕಳಸ್ರಿ" ಎಂದರು ಡಾಕ್ಟರು, ಎಲ್ಲಕ್ಕಿಂತ ಮೇಲಿನ ಧ್ವನಿಯಲ್ಲಿ. "ಖಣಿಗೆ ಹೋಗಿ ರಕ್ತ ಕೊಡವ್ರನ್ನ ಜೀಪ ತುಂಬ ಕರಕೊಂಡು ಬರ್ಲಿ. ಬಿಸಿ ಬಿಸಿ ಹೊಸಾ ರಕ್ತ ಸ್ವಲ್ಪರ ತಡೀತೈತಿ." ಜೀಪು ಹೊರಟ ಸದ್ದು ಕೇಳಿತು. "ಇಂದ್ರಾಬಾಯಿ, ನೀವು ಇಲ್ಲಿ ಬರ್ರಿ, ಹೊಕ್ಕಳದ ಮ್ಯಾಲ ಮುಷ್ಟಿ ಇಟ್ಟು ಒತ್ರಿ. ಎಲುವು ಸಿಗೂತನಾ ಒತ್ರಿ. ನಾ ಹೇಳೂತನಾ ಕೈ ಎತ್ತಬ್ಯಾಡ್ರಿ." "ಇನ್ನೊಂದ ಚೀಲ ಐತಲ್ರಿ ಡಾಕ್ಟರ್, ಅದನ್ನ ನಾ ಹೋಗಿ..." "ಕೈ ಎತ್ತಬ್ಯಾಡ್ರಿ ಅಂದ್ಯಾ! ಎತ್ತಿದ್ರ ಹೋಗ್ತಾಳ." ಇಂದ್ರಾಬಾಯಿ ಒತ್ತಿದಳು. ಅತ್ತಿಗೆಯ ಬಾಯಿಂದ ಗಾಳಿ ಮಾತ್ರ ಬಂತು. ಡಾಕ್ಟರು ಗುರುಲಿಂಗವ್ವನ ಕಡೆ ತಿರುಗಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. "ಇಲ್ಲಿ ಕೇಳವ್ವಾ. ಇನ್ನೊಂದು ಚೀಲ ಉಳದೈತಿ, ಅದೊಂದ ಉಳದೈತಿ. ತಣ್ಣೀರಾಗ ಇಟ್ರ ತಾಸ ಹಿಡೀತೈತಿ, ಈಕಿಗೆ ತಾಸಿಲ್ಲ. ಅದ ಬಕೀಟಿಗೆ ತಣ್ಣೀರ ಬೆರಸು. ನಿನ್ನ ಕೈಲೇ ನೋಡಬ್ಯಾಡ. ನಿಮ್ಮ ಮನಿಯವ್ರ ಕೈಯೂ ಬ್ಯಾಡ. ಹೊರಗ ಬ್ಯಾರೇ ಮಂದಿ ಕುಂತಾರ, ಯಾರದರ ಕೈ ಇಡಸಿ ಕೇಳು. ಹಿತ ಐತಿ ಅಂದ ಮ್ಯಾಲ ಚೀಲ ಬಿಡು. ಮೊದಲ ಕೇಳು, ಆಮ್ಯಾಲ ಬಿಡು. ಹೋಗು."

ಅವಳು ತಣ್ಣೀರು ಬೆರೆಸಿದಳು. ಒಂದು ತಂಬಿಗೆ, ಇನ್ನೊಂದು. ಕೈ ಇಟ್ಟಳು, ತಣ್ಣಗೆನಿಸಿತು. ಹಾಗಾದರೆ ಸರಿಯಿರಬೇಕೆ? ಅಥವಾ ಇನ್ನೂ ಸುಡುತ್ತಿದೆಯೇ? ಮೊಣಕೈ ಇಟ್ಟಳು. ಮೊಣಕೈ ಹಿತವೆಂದಿತು, ಆದರೆ ಮೊಣಕೈಯವರೆಗೂ ಅದೇ ಹಂಡೆಯಲ್ಲಿ ಮುಳುಗಿ ಎದ್ದ ತೋಳು ಅದು. ಬಗ್ಗಿ ಕೆನ್ನೆಯನ್ನು ನೀರಿಗೆ ತಾಗಿಸಿದಳು. ಕೆನ್ನೆ ಉರಿಯುತ್ತಿತ್ತು, ನೀರಿಗೋ ನಾಚಿಕೆಗೋ ತಿಳಿಯಲಿಲ್ಲ. ತನ್ನ ಮೈಯ ಯಾವ ಭಾಗದ ಮಾತಿನ ಮೇಲೂ ಈಗ ಅವಳಿಗೆ ನಂಬಿಕೆ ಇರಲಿಲ್ಲ. ಬಕೆಟ್ಟು ಎತ್ತಿಕೊಂಡು, ಥರ್ಮಾಸನ್ನು ಕಂಕುಳಲ್ಲಿ ಅವಚಿಕೊಂಡು ಪಡಸಾಲೆಗೆ ಬಂದಳು. ಬಕೆಟ್ಟಿನ ಅಂಚಿಗೆ ಇಂದ್ರಾಬಾಯಿಯ ಕೈಯಿಂದ ಅತ್ತಿಗೆಯ ರಕ್ತ ಮೆತ್ತಿತ್ತು; ಅದನ್ನು ನೋಡಿ ಬಾಕಿನ ಮೇಲಿದ್ದವರು ಕಾಲು ಮೇಲಕ್ಕೆ ಎಳೆದುಕೊಂಡರು. ಹೊರಗಿನವರ ಮುಂದೆ ಅವಳು ಯಾವತ್ತೂ ಬಾಯಿ ತೆರೆದವಳಲ್ಲ. ಸಾಲಿಯಲ್ಲಿ ಹಾಜರಿ ಕೂಗಿದಾಗಲೂ ಕೈ ಎತ್ತಿದ್ದಳೇ ಹೊರತು ಹೌದ್ರಿ ಎಂದವಳಲ್ಲ. ಬಕೆಟ್ಟನ್ನು ನಡುವೆ ಇಟ್ಟಳು.

"ಯಾರಾರ ಒಬ್ರು ಇದರಾಗ ಕೈ ಇಟ್ಟು ನೋಡ್ರಿ" ಎಂದಳು.

ಧ್ವನಿ ಅವಳಿಗೇ ಬೇರೆಯವರದೆನಿಸಿತು. ಒಬ್ಬ ಹೆಂಗಸು ತನ್ನ ಮಗುವಿನ ಕೈಯನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಬ್ಬ ಬೀಡಿ ಹುಡುಕುವವನ ಹಾಗೆ ಕಿಸೆಯಲ್ಲಿ ಕೈ ಹಾಕಿದವನು ಕೈಯನ್ನು ಹೊರಗೆ ತೆಗೆಯಲಿಲ್ಲ. ಹಿತ ಐತಿ ಎಂದು ಹೇಳಿದ ಮೇಲೆ ಆಗುವುದೆಲ್ಲ ಹೇಳಿದವನ ಕೈಯದ್ದಾಗುತ್ತದೆ. ಅದು ಎಲ್ಲರಿಗೂ ತಿಳಿದಿರುವುದು ಅವಳಿಗೆ ಎಲ್ಲರ ಮುಖದಲ್ಲಿ ಕಂಡಿತು. ಒಳಗಿನಿಂದ ಡಾಕ್ಟರು "ಆತೇನು?" ಎಂದು ಕೂಗಿದರು. ಅವಳು ಬಕೆಟ್ಟನ್ನು ಎತ್ತಿ ಸಂಗಯ್ಯನ ಮುಂದೆ ಒಯ್ದು ಇಟ್ಟಳು. ಎಂದೂ ಹಂಡೆ ಮುಟ್ಟದ ಅವನ ಮೆತ್ತನೆಯ ಬಿಳಿಯ ಕೈಗಳು ಮೊಣಕಾಲಿನ ಮೇಲಿದ್ದವು. ಅವನು ನಿಂತ ಫ್ಯಾನನ್ನು ನೋಡುತ್ತಿದ್ದ. ನೀರು ಪ್ರತಿ ಕ್ಷಣಕ್ಕೂ ಆರುತ್ತಿತ್ತು, ಅಥವಾ ಆರುತ್ತಿರಲಿಲ್ಲ. ಕಂಕುಳಲ್ಲಿ ಥರ್ಮಾಸು ಇತ್ತು, ಅದರೊಳಗೆ ಕೊನೆಯ ಚೀಲ.

"ಯಪ್ಪಾ, ಒಂದ ಬೆರಳ ಇಡ್ರಿ ಸಾಕು. ಸುಡತೈತೋ ಇಲ್ಲೋ, ಅಷ್ಟ ಹೇಳ್ರಿ."